ಹಸಿರು ಪಟ್ಟಿಯೊಳಗೆ ಹಿಡಿದ ಉಸಿರು

ಸ್ಕ್ಯಾನ್ ಮಾಡಿದ ದಿನ ಆ ಅಕ್ಕ ಉಸಿರು ಹಿಡಿದಷ್ಟು ಚೆನ್ನಾಗಿ ನಮ್ಮ ವಿಭಾಗದಲ್ಲಿ ಬೇರೆ ಯಾರೂ ಹಿಡಿದಿರಲಿಲ್ಲ. ಅವರ ಎದೆಗೂಡು ಮುಗಿಯುವಲ್ಲಿ, ಹೊಟ್ಟೆಯ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದೆ. ಅದರ ಮೇಲಿನ ಹೊಳೆಯುವ ಚುಕ್ಕೆಗಳನ್ನು ಕಾಲಿನ ಕಡೆಯ ಕ್ಯಾಮೆರಾ ನೋಡುತ್ತಿರುತ್ತದೆ. ಉಸಿರಾಡಿದಂತೆ ಡಬ್ಬಿ ಏರಿ ಇಳಿಯುತ್ತದೆ, ಹೊರಗಿನ ಪರದೆಯಲ್ಲಿ ಒಂದು ಗೆರೆ ಅಲೆಅಲೆಯಾಗಿ ಓಡುತ್ತದೆ. ಪೂರ್ತಿ ಉಸಿರು ತೆಗೆದುಕೊಂಡು ಹಿಡಿದಾಗ ಆ ಗೆರೆ ಮೇಲೇರಿ, ಹಸಿರು ಬಣ್ಣದ ಒಂದು ಪಟ್ಟಿಯೊಳಗೆ ನಿಲ್ಲಬೇಕು. ಹೆಚ್ಚಿನವರದು ನಡುಗುತ್ತದೆ, ಜಾರುತ್ತದೆ, ಮೇಲೆ ಹೋಗಿಬಿಡುತ್ತದೆ. ಇವರದು ಪಟ್ಟಿಯ ನಟ್ಟನಡುವೆ ಹೋಗಿ ನಿಂತದ್ದು ನಾನು ಬಿಡಿ ಎನ್ನುವವರೆಗೂ ಅಲುಗಲಿಲ್ಲ.

"ಇವರಿಗೆ ಎರಡನೇ ಸಲ ಹೇಳಿಕೊಡುವುದೇ ಬೇಡ," ಎಂದರು ನನ್ನ ಪಕ್ಕ ನಿಂತಿದ್ದ ಫಿಸಿಸಿಸ್ಟ್. ಯಾವ ಕೋನದಿಂದ ಎಷ್ಟು ವಿಕಿರಣ ಹೋಗಬೇಕೆಂದು ಲೆಕ್ಕ ಹಾಕುವವರು ಅವರು. ಹೆಂಡತಿಗೆ ಮಲ್ಲಾಪುರದ ಶಾಲೆಯಲ್ಲಿ ಕೆಲಸ, ಅಲ್ಲಿಂದಲೇ ದಿನಾ ಓಡಾಡುತ್ತಿದ್ದರು. ಹೊಗಳಿಕೆ ಅವರ ಬಾಯಿಂದ ಬರುವುದು ಅಪರೂಪ.

ನಾನು ಕಾರವಾರದ ಒಂದು ಸಣ್ಣ ಆಸ್ಪತ್ರೆಯಲ್ಲಿ ವಿಕಿರಣ ವಿಭಾಗದ ಟೆಕ್ನಾಲಜಿಸ್ಟ್. ರೋಗಿಯನ್ನು ಯಂತ್ರದಡಿ ಕೂದಲೆಳೆ ಆಚೀಚೆ ಆಗದಂತೆ ಮಲಗಿಸಿ, ಹೊರಗೆ ಬಂದು, ಬಾಗಿಲು ಹಾಕಿ, ಕ್ಯಾಮೆರಾದಲ್ಲಿ ಅವರನ್ನು ನೋಡುತ್ತ ಮೈಕಿನಲ್ಲಿ ಮಾತನಾಡುತ್ತ ವಿಕಿರಣ ಬಿಡುವುದು ನನ್ನ ಕೆಲಸ. ನಮ್ಮ ಕಡೆಯವರು ಇದನ್ನು ಕರೆಂಟ್ ಕೊಡುವುದು ಅನ್ನುತ್ತಾರೆ. ಅಕ್ಕ ಅಂಕೋಲೆಯ ಹತ್ತಿರ, ಹೊಳೆ ಸಮುದ್ರ ಸೇರುವಲ್ಲಿನ ಮಂಜಗುಣಿಯವರು, ಐವತ್ತರ ಹತ್ತಿರದ ವಯಸ್ಸು. ಎಡ ಸ್ತನದ ಗಡ್ಡೆಯನ್ನು ಹುಬ್ಬಳ್ಳಿಯಲ್ಲಿ ತೆಗೆದಿದ್ದರು. ಕೀಮೋ ಕೂಡ ಅಲ್ಲೇ ಮುಗಿದಿತ್ತು. ಉಳಿದದ್ದು ಮೂರು ವಾರದ ಕರೆಂಟ್. ಅದಕ್ಕೆ ಊರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗಬಹುದೆಂದು ನಮ್ಮಲ್ಲಿಗೆ ಬಂದಿದ್ದರು. ಜೊತೆಗೆ ಯಾವಾಗಲೂ ಅವರ ನಾದಿನಿ, ಗಂಡನ ತಂಗಿ, ಇರುತ್ತಿದ್ದಳು. ಹೆಚ್ಚು ಮಾತಿಲ್ಲದ ಹೆಂಗಸು. ಅತ್ತಿಗೆಯ ಚೀಲ, ನೀರಿನ ಬಾಟಲಿ, ಚಪ್ಪಲಿ ಎಲ್ಲವನ್ನೂ ತನ್ನ ಹತ್ತಿರ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು.

ಎಡ ಸ್ತನಕ್ಕೆ ವಿಕಿರಣ ಕೊಡುವಾಗ ಹೆದರಿಕೆ ಹೃದಯದ್ದು. ಅದು ಎದೆಗೂಡಿಗೆ ಆತುಕೊಂಡೇ ಇರುತ್ತದೆ. ಉಸಿರು ತುಂಬಿಕೊಂಡಾಗ ಶ್ವಾಸಕೋಶ ಉಬ್ಬಿ ಹೃದಯವನ್ನು ಹಿಂದಕ್ಕೂ ಕೆಳಕ್ಕೂ ದೂಡುತ್ತದೆ. ಆ ಬೆರಳಗಲದ ಜಾಗವೇ ನಮಗೆ ಸಿಗುವ ಅವಕಾಶ. ದಿನಕ್ಕೆ ನಾಲ್ಕೈದು ಸಲ ಉಸಿರು ಹಿಡಿಸಿ, ಹಿಡಿದಿರುವಷ್ಟು ಹೊತ್ತು ಮಾತ್ರ ವಿಕಿರಣ ಬಿಡುತ್ತೇವೆ. ಗೆರೆ ಹಸಿರು ಪಟ್ಟಿಯಿಂದ ಜಾರಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಅಕ್ಕನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕಿತ್ತು. ಕೀಮೋ ಆದ ಮೇಲೆ ಅವರ ಹೃದಯದ ಬಲ ಸ್ವಲ್ಪ ಕುಗ್ಗಿದೆಯೆಂದು ಎಕೋ ಪರೀಕ್ಷೆಯಲ್ಲಿ ಕಂಡಿತ್ತು. "ಇವರ ಹೃದಯಕ್ಕೆ ಇನ್ನು ಯಾವ ಪೆಟ್ಟೂ ಬೀಳಬಾರದು," ಎಂದು ನಮ್ಮ ಡಾಕ್ಟರು ಮೊದಲೇ ಹೇಳಿದ್ದರು.

ಫಿಸಿಸಿಸ್ಟರ ಲೆಕ್ಕದ ಪ್ಲಾನ್ ತಯಾರಾಗಿ ಮೊದಲ ದಿನದ ಚಿಕಿತ್ಸೆಗೆ ಅವರು ಬಂದಾಗ ನಾನು ನಿಶ್ಚಿಂತೆಯಿಂದಿದ್ದೆ. ಎದೆಯ ಮೇಲೆ ಹಚ್ಚೆ ಹಾಕಿದ ಚುಕ್ಕೆಗಳನ್ನು ಲೇಸರ್ ಗೆರೆಗೆ ಕೂಡಿಸಿದೆ. ಕೈಗಳನ್ನು ತಲೆಯ ಮೇಲೆ ಎತ್ತಿ ಆನಿಕೆಯಲ್ಲಿ ಇರಿಸಿದೆ. ಡಬ್ಬಿ ಇಟ್ಟೆ. "ಅಂದಿನ ಹಾಂಗೇ ಅಕ್ಕಾ," ಎಂದು ಹೇಳಿ ಹೊರಗೆ ಬಂದೆ. ದಪ್ಪ ಬಾಗಿಲು ನಿಧಾನಕ್ಕೆ ಸರಿದು ಮುಚ್ಚಿತು.

"ಉಸ್ರು ತಗಳಿ. ಪೂರಾ ತಗಳಿ. ಹಿಡೀರಿ."

ಗೆರೆ ಏರಿತು, ಪಟ್ಟಿಯೊಳಗೆ ಬಂತು. ನಾನು ಗುಂಡಿ ಒತ್ತಿದೆ. ಯಂತ್ರದ ಗುಂಯ್‌ಗುಡುವ ಸದ್ದು ಶುರುವಾಗಿತ್ತಷ್ಟೆ, ಗೆರೆ ಕಡಿದು ಬಿದ್ದಂತೆ ಕೆಳಗಿಳಿಯಿತು. ಬೀಮ್, ಅಂದರೆ ಯಂತ್ರದಿಂದ ಬರುವ ವಿಕಿರಣ, ನಿಂತಿತು. ಮತ್ತೆ ಹೇಳಿದೆ, ಮತ್ತೆ ಹಾಗೇ ಆಯಿತು. ಸುಸ್ತಾದವರ ಗೆರೆ ಸಾವಕಾಶ ಜಾರುತ್ತದೆ. ಇದು ಹಾಗಿರಲಿಲ್ಲ. ಯಾರೋ ಕೈಹಾಕಿ ಎಳೆದಂತೆ ಒಂದೇ ಏಟಿಗೆ ಬೀಳುತ್ತಿತ್ತು. ಕ್ಯಾಮೆರಾದಲ್ಲಿ ನೋಡಿದರೆ ಅಕ್ಕನ ಕಣ್ಣುಗಳು ತೆರೆದೇ ಇದ್ದವು. ಬಾಯಿ ಕೂಡ ತೆರೆದಿತ್ತು. ಉಸಿರಿಗೆ ಒದ್ದಾಡುವವರ ಬಾಯಿಯ ಹಾಗೆ.

ತುಂಡುತುಂಡಾಗಿ ಆ ದಿನದ ಪಾಲು ಹೇಗೋ ಮುಗಿಸಿದೆವು. ಅಷ್ಟು ಸಲ ಬೀಮ್ ಕಡಿದರೆ ಲೆಕ್ಕ ಸರಿಯಿದ್ದರೂ ನಮಗೆ ಸಮಾಧಾನವಿರುವುದಿಲ್ಲ. ಮಾರನೆಯ ದಿನ ಇನ್ನೂ ಕೆಟ್ಟದಾಯಿತು. ಅರ್ಧಕ್ಕೇ ಅವರು ಕೈ ಕೆಳಗಿಳಿಸಿ ಎದ್ದು ಕೂತುಬಿಟ್ಟರು. ನಾನು ಗುಂಡಿಯಿಂದ ಕೈ ತೆಗೆದು ಒಳಗೆ ಓಡಿದೆ. ಅವರ ಗೌನು ಬೆವರಿಗೆ ಬೆನ್ನಿಗಂಟಿತ್ತು. ಆ ಕೋಣೆಯಲ್ಲಿ ಎ.ಸಿ. ಎಷ್ಟು ತಣ್ಣಗಿರುತ್ತದೆಂದರೆ ನಾವು ಸ್ವೆಟರ್ ಹಾಕಿ ಕೆಲಸ ಮಾಡುತ್ತೇವೆ.

"ಎಂತಾಯ್ತು ಅಕ್ಕಾ?"

"ಎಂತಾ ಇಲ್ಲ ಮೇಡಂ. ನಾಳೆ ಮಾಡ್ತೆ," ಎಂದರು, ನೆಲ ನೋಡುತ್ತ.

ಸಂಜೆ ಡಾಕ್ಟರು ಫಿಸಿಸಿಸ್ಟರನ್ನೂ ನನ್ನನ್ನೂ ಕೂರಿಸಿಕೊಂಡರು. ಸ್ಕ್ಯಾನಿನ ದಿನ ಮಾಮೂಲಿ ಉಸಿರಾಟದಲ್ಲೂ ಚಿತ್ರ ತೆಗೆದಿಟ್ಟಿದ್ದೆವು. ಅದರ ಮೇಲೆ ಇನ್ನೊಂದು ಪ್ಲಾನ್ ಮಾಡಬಹುದು, ಆಗ ಉಸಿರು ಹಿಡಿಯುವ ಕಷ್ಟವೇ ಇಲ್ಲ. ಫಿಸಿಸಿಸ್ಟ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದರಲ್ಲಿ ಬೀಮಿನ ಅಂಚು ಹೃದಯವನ್ನು ಮುಟ್ಟದೆ ಹೋಗುತ್ತಿತ್ತು. ಇನ್ನೊಂದರಲ್ಲಿ ಹೃದಯದ ಮುಂಭಾಗದ ಒಂದು ಚೂರು, ಅದರ ಮೇಲೆ ಹರಿಯುವ ರಕ್ತನಾಳದ ಸಮೇತ, ಬೀಮಿನೊಳಗೆ ಬರುತ್ತಿತ್ತು.

"ಬೇರೆಯವರಿಗಾದರೆ ನಾನು ಇಷ್ಟು ಯೋಚನೆ ಮಾಡುತ್ತಿರಲಿಲ್ಲ," ಎಂದರು ಡಾಕ್ಟರು. "ಆದರೆ ಹೀಗೆ ದಿನಾ ಕಡಿದು ಕಡಿದು ಕೊಡುವುದೂ ಸರಿಯಲ್ಲ. ಇನ್ನೆರಡು ದಿನ ನೋಡೋಣ. ಆಗದಿದ್ದರೆ ಬದಲಾಯಿಸೋಣ. ಅವರ ಮೇಲೆ ಒತ್ತಡ ಹಾಕಬೇಡ."

ಆ ಎರಡು ದಿನವೂ ನಮ್ಮ ಕೈಗೆ ಸಿಗಲಿಲ್ಲ. ಬೆಳಿಗ್ಗೆ ಹೋಗಿ ಯಂತ್ರ ಚಾಲೂ ಮಾಡಿದರೆ, ಅದನ್ನು ತಣ್ಣಗಿಡುವ ನೀರಿನ ಪಂಪು ಕೆಟ್ಟು ನಿಂತಿತ್ತು. ಸಮುದ್ರದ ಗಾಳಿಗೆ ನಮ್ಮಲ್ಲಿ ಏನೂ ಬಾಳುವುದಿಲ್ಲ, ತಾಮ್ರದ ತಂತಿಗೂ ಹಸಿರು ಹಿಡಿಯುತ್ತದೆ. ಗೋವಾದಿಂದ ಎಂಜಿನಿಯರು ಬರಬೇಕು. ರೋಗಿಗಳಿಗೆಲ್ಲ ಫೋನ್ ಮಾಡಿ ಬರಬೇಡಿ ಎಂದೆವು. ಅಕ್ಕ ಅಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು. ಬಂದವರನ್ನು ಹಾಗೇ ಕಳಿಸುವ ಬದಲು ಸ್ಕ್ಯಾನ್ ಕೋಣೆಯಲ್ಲಿ ಮಲಗಿಸಿ ಉಸಿರಿನ ಅಭ್ಯಾಸ ಮಾಡಿಸೋಣ ಅನ್ನಿಸಿತು.

ಅವರನ್ನು ಒಳಗೆ ಕಳಿಸುವ ಮೊದಲು ನಾದಿನಿ ನನ್ನನ್ನು ಬದಿಗೆ ಕರೆದಳು. "ಸ್ಕ್ಯಾನ್ ಮಾಡ್ಕಂಡು ಹೋದಾಗಿಂದ ಅತ್ತಿಗೆ ನಿದ್ರೆ ಮಾಡೂದಿಲ್ಲ ಮೇಡಂ. ಕೇಳಿದ್ರೆ ಹೇಳೂದಿಲ್ಲ."

"ಮನೇಲಿ ಏನಾದ್ರೂ ಆಯ್ತಾ?"

"ಹೊಸ್ತು ಏನಿಲ್ಲ," ಎಂದು ಅವಳು ಬೆಂಚಿಗೆ ಹೋಗಿ ಕೂತಳು.

ವಿಕಿರಣ ಇಲ್ಲದಿದ್ದರಿಂದ ನಾನು ಹೊರಗೆ ಹೋಗಬೇಕಾಗಿರಲಿಲ್ಲ. ಸ್ಟೂಲು ಎಳೆದುಕೊಂಡು ಅವರ ತಲೆಯ ಹತ್ತಿರ ಕೂತೆ. ಡಬ್ಬಿ ಇಡಲಿಲ್ಲ, ಪರದೆ ಹಾಕಲಿಲ್ಲ. "ಅಂದ್ ಸ್ಕ್ಯಾನ್ ದಿವ್ಸ ಎಷ್ಟು ಚಂದ ಹಿಡ್ದಿದ್ರಿ ಅಕ್ಕಾ. ಈಗ ಎಂತಾಗ್ತದೆ, ನಂಗೆ ಹೇಳಿ. ನಾನೂ ಅಂಕೋಲೆ ಬೊಬ್ರುವಾಡದವ್ಳೇ, ದೂರದವ್ಳಲ್ಲ."

ಅವರು ಎರಡೂ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡರು.

"ಅಂದ್ ಹಿಡ್ದಿದ್ದೇ ತಪ್ಪಾಯ್ತು ತಂಗಿ," ಎಂದರು. ಅದುವರೆಗೆ ಮೇಡಂ ಅನ್ನುತ್ತಿದ್ದವರು. "ನಮ್ಮನೆಯವ್ರು ಹೊಳೇಲಿ ಹೋದ್ರು. ನಿಂಗೆ ಗೊತ್ತಿಲ್ಲ ಕಾಣ್ತದೆ."

ಗೊತ್ತಿರಲಿಲ್ಲ.

"ಅಳಿವೆ ಬಾಯಲ್ಲಿ ದೋಣಿ ಮಗಚ್ತು. ಮಳೆಗಾಲ ಶುರು ಆಗಿತ್ತಷ್ಟೇ. ಈಜು ಬರ್ತಿತ್ತು ಅವ್ರಿಗೆ. ಮುಳುಗಿ ಹೊಳೆ ತಳದಿಂದ ಬಳಚಿನ ಚಿಪ್ಪು ತೆಗೀತಿದ್ರು, ಒಂದೊಂದ್ಸಲ ನಂಗೇ ಹೆದ್ರಿಕೆ ಆಗೂವಷ್ಟು ಹೊತ್ತು ಮೇಲೆ ಬರ್ತಿರ್ಲಿಲ್ಲ. ಸಿಕ್ಕಿದ್ದು ಎಷ್ಟೋ ದಿವ್ಸ ಬಿಟ್ಟು, ಬೆಳಂಬಾರದ ಬದಿಗೆ. ದಡದ ಮೇಲೆ ಕೂತ್ಕಂಡಾಗ ಎಲ್ಲರೂ ನಂಗೆ ಸಮಾಧಾನ ಹೇಳೂಕೆ ಬಂದ್ರು. ಅವ್ನ ಉಸ್ರು ಗಟ್ಟಿ, ಸುಲಭಕ್ಕೆ ಹೋಗೂವನಲ್ಲ, ಸುಮಾರು ಹೊತ್ತು ಹೋರಾಡಿರ್ಬೇಕು ಅಂದ್ರು."

ಜಾರಿದ್ದ ಹೊದಿಕೆಯನ್ನು ಅವರ ಭುಜಕ್ಕೆ ಎಳೆದೆ.

"ಸುಮಾರು ಹೊತ್ತು ಅಂದ್ರೆ ಎಷ್ಟು ಅಂತ ನಂಗೆ ಗೊತ್ತಿರ್ಲಿಲ್ಲ. ಅಂದ್ ನೀ ಹಿಡೀರಿ ಅಂದೆ. ಹಿಡ್ದೆ. ಎದೆ ಒಡೂಕೆ ಬಂತು, ಕಿವಿ ಗುಂಯ್ ಅಂತು, ನೀ ಬಿಡಿ ಅಂದಿಲ್ಲ. ಆವಾಗ ಗೊತ್ತಾಯ್ತು, ಇಷ್ಟು ಉದ್ದ ಅದು ಅಂತ. ನಂಗೆ ಬಿಡಿ ಅನ್ನೂಕೆ ನೀ ಇದ್ದೆ." ಕಣ್ಣು ಮುಚ್ಚಿ ಹೇಳಿದರು, "ಅವ್ರಿಗೆ ಬಿಡೂಕೆ ಎಲ್ಲಿತ್ತು."

ಆ ಕೋಣೆಯ ಬಾಗಿಲು ಮುಚ್ಚಿದ ಕೂಡಲೇ ಅವರಿಗೆ ಮೇಲೆ ನೀರು ಇದ್ದಂತೆ ಅನಿಸುತ್ತದಂತೆ. ನನ್ನ ದನಿ ಮೇಲಿನಿಂದ ಎಲ್ಲಿಂದಲೋ ಬರುತ್ತದೆ, ಕೈಗಳು ಮೇಲಕ್ಕೆ ಚಾಚಿರುತ್ತವೆ. ಕೈ ಹಾಗೆ ಇಡಬೇಕಾದದ್ದು ಬೀಮಿನ ದಾರಿಗೆ ಅಡ್ಡ ಬರಬಾರದೆಂದು. ವರ್ಷಗಟ್ಟಲೆ ಎಷ್ಟೋ ಹೆಂಗಸರ ಕೈಗಳನ್ನು ಎತ್ತಿ ಇಟ್ಟಿದ್ದೆ. ಅದು ಮುಳುಗುವವರ ಕೈಯ ಹಾಗೆ ಕಾಣುತ್ತದೆಂದು ನನಗೆ ಎಂದೂ ಹೊಳೆದಿರಲಿಲ್ಲ. ಈಗ ಬೇರೆ ರೀತಿ ಕಾಣುವುದೇ ಇಲ್ಲ.

ಅವರಿಗೆ ನಿಜವನ್ನೇ ಹೇಳಿದೆ. ಉಸಿರು ಹಿಡಿಯದೆಯೂ ಚಿಕಿತ್ಸೆ ಕೊಡಬಹುದು, ಆದರೆ ಹೃದಯಕ್ಕೆ ಸ್ವಲ್ಪ ತಾಗುತ್ತದೆ, ನಿಮ್ಮ ಹೃದಯ ಮೊದಲೇ ದಣಿದಿದೆ. ಆಗುವುದಿಲ್ಲ ಅಂದರೆ ಅದರಲ್ಲಿ ನಾಚಿಕೆಯಿಲ್ಲ, ಡಾಕ್ಟರು ಬೈಯುವುದಿಲ್ಲ.

"ನೀ ಎಂತ ಮಾಡು ಅಂತೀ?"

"ಇನ್ನೊಂದು ಸಲ ನೋಡ್ವಾ. ಬೇರೆ ನಮೂನಿಯಿಂದ."

ಬೇರೆ ನಮೂನೆ ಯಾವುದೆಂದು ಆಗ ನನಗೇ ಗೊತ್ತಿರಲಿಲ್ಲ. ಅದು ಹೊಳೆದದ್ದು ಸಂಜೆ ಮನೆಗೆ ಹೋಗುವ ಅಂಕೋಲೆಯ ಬಸ್ಸಿನಲ್ಲಿ. ಹಿಡೀರಿ ಎಂಬ ಆ ಮಾತು, ಅದರ ನಂತರದ ಮೌನ, ಅವೇ ಅವರನ್ನು ಕೆಳಗೆ ಎಳೆಯುತ್ತಿದ್ದವು. ಆ ಮೌನವನ್ನು ತುಂಬಬೇಕು. ಎಣಿಸಿದರೆ ಆಗದು, ಅಂಕಿ ಕೇಳಿದರೆ ಅವರು ಮತ್ತೆ ಗಂಡನ ಹೊತ್ತನ್ನೇ ಅಳೆಯುತ್ತಾರೆ. ಕಂಡಕ್ಟರು ಬಿಣಗಾ, ಅರ್ಗಾ ಎಂದು ಕೂಗುತ್ತಿದ್ದ. ಅಕ್ಕನೂ ದಿನಾ ಇದೇ ರಸ್ತೆಯಲ್ಲಿ ಬರುವವರು.

ಮಾರನೆಯ ಬೆಳಿಗ್ಗೆ, ಹಿಡೀರಿ ಎನ್ನುವ ಬದಲು ಬಸ್ಸಿನ ದಾರಿಯ ಊರುಗಳನ್ನು ಹೇಳುತ್ತೇನೆಂದಾಗ ಫಿಸಿಸಿಸ್ಟ್ ಒಪ್ಪಲಿಲ್ಲ. "ಎಲ್ಲರಿಗೂ ಒಂದೇ ಮಾತು ಹೇಳಬೇಕು ಅಂತ ನಾವೇ ಬರೆದಿಟ್ಟಿದ್ದೇವೆ. ನೀನು ರಜೆ ಹಾಕಿದರೆ ಇನ್ನೊಬ್ಬರು ಬೇರೆ ಥರ ಹೇಳ್ತಾರೆ, ಉಸಿರಿನ ಮಟ್ಟ ಬೇರೆಯಾಗ್ತದೆ."

"ರಜೆ ಹಾಕುವುದಿಲ್ಲ. ಗೆರೆ ಪಟ್ಟಿಯೊಳಗೆ ಇದ್ದರೆ ಬೀಮ್, ಇಲ್ಲದಿದ್ದರೆ ಇಲ್ಲ. ಅದರಲ್ಲಿ ನಾನು ಏನೂ ಬದಲಿಸುವುದಿಲ್ಲ ಸರ್."

ಅವರು ಅಕ್ಕನ ಹಿಂದಿನ ದಿನಗಳ ಗೆರೆಗಳನ್ನು ಪರದೆಯ ಮೇಲೆ ತೆರೆದು ನೋಡಿದರು. ಆಮೇಲೆ ಎದ್ದು ಹೋಗಿ ಡಾಕ್ಟರಿಗೆ ತಾವೇ ಹೇಳಿ ಬಂದರು. ಮೊದಲು ಬೀಮ್ ಇಲ್ಲದೆ ಪೂರ್ತಿ ಒಂದು ಸಲ ನೋಡಬೇಕು, ಪ್ರತಿ ಸಲವೂ ಚಿತ್ರ ತೆಗೆದು ಹೃದಯದ ಜಾಗ ಖಾತ್ರಿ ಮಾಡಿಕೊಳ್ಳಬೇಕು. ಈ ಎರಡು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಯಂತ್ರ ರಿಪೇರಿಯಾದ ದಿನ ಅಕ್ಕನನ್ನು ಮಲಗಿಸಿ ಹೇಳಿದೆ, "ನಾ ಹಿಡೀರಿ ಅನ್ನೂದಿಲ್ಲ, ಬಿಡಿ ಅನ್ನೂದಿಲ್ಲ. ಅಂಕೋಲೆ ಬಸ್‌ಸ್ಟ್ಯಾಂಡಲ್ಲಿ ಬಸ್ಸು ಹತ್ತೂವಾಗ ಉಸ್ರು ತುಂಬ್ಕಳಿ. ಕಾರವಾರ ಬಂತು ಅಂದಾಗ ಇಳೀರಿ. ನಡೂವೆ ನಾ ಮಾತಾಡ್ತಾನೇ ಇರ್ತೆ."

ಅವರಿಗೆ ಸ್ವಲ್ಪ ನಗು ಬಂತು. ಅವರ ನಗುವನ್ನು ನೋಡಿದ್ದು ಅದೇ ಮೊದಲು.

ಹೊರಗೆ ಬಂದು ಮೈಕ್ ಒತ್ತಿದೆ. "ಅಂಕೋಲೆ. ಹತ್ತಿ ಅಕ್ಕಾ." ಗೆರೆ ಏರಿತು. "ಹಟ್ಟಿಕೇರಿ ಬಂತು. ಅವರ್ಸಾದಲ್ಲಿ ಇಬ್ರು ಹತ್ತಿದ್ರು. ಹಾರವಾಡ. ಅಮದಳ್ಳಿ. ತೋಡೂರಲ್ಲಿ ಯಾರೂ ಇಳಿಯೂವವ್ರಿಲ್ಲ. ಚೆಂಡಿಯೆ. ಅರ್ಗಾ. ಬಿಣಗಾ ಬಂತು. ಕಾರವಾರ." ಗೆರೆ ಇಳಿಯಿತು, ಸಾವಕಾಶವಾಗಿ. ಹಾರವಾಡದ ಹತ್ತಿರ ಒಮ್ಮೆ ನಡುಗಿತ್ತು, ಆದರೆ ಪಟ್ಟಿ ಬಿಟ್ಟು ಹೋಗಿರಲಿಲ್ಲ. ಫಿಸಿಸಿಸ್ಟ್ ಚಿತ್ರಗಳನ್ನು ಹಿಗ್ಗಿಸಿ ನೋಡಿ ತಲೆಯಾಡಿಸಿದರು. ಎರಡನೆಯ ಸಲ ಬೀಮ್ ಬಿಟ್ಟೆವು. ಒಂದು ಸಲವೂ ಕಡಿಯಲಿಲ್ಲ.

ಆಮೇಲಿನ ದಿನಗಳು ಒಂದೇ ಹದಕ್ಕೆ ಬಂದವು. ಎರಡನೆಯ ವಾರದ ಕೊನೆಗೆ ಚರ್ಮ ಕೆಂಪಾಯಿತು, ಮುಲಾಮು ಕೊಟ್ಟೆವು. ಡಾಕ್ಟರು ಇನ್ನೊಂದು ಪ್ಲಾನಿನ ಮಾತು ಬಿಟ್ಟರು. ನಾನು ಊರುಗಳ ಹೆಸರಿನ ನಡುವೆ ಏನೇನೋ ಸೇರಿಸುತ್ತಿದ್ದೆ, ಒಂದು ದಿನ ಮೀನಿನ ಬುಟ್ಟಿಯವಳನ್ನು ಹತ್ತಿಸಿದರೆ ಇನ್ನೊಂದು ದಿನ ಕಾಲೇಜು ಹುಡುಗಿಯರನ್ನು. ಮುಂದಿನ ರೋಗಿಗೆ ಹಿಡೀರಿ ಎನ್ನುವ ಮೊದಲು ಮಾತ್ರ ಕ್ಯಾಮೆರಾದಲ್ಲಿ ಅವರ ಕೈಗಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದೆ. ಮನೆಯಲ್ಲಿ ಮಗಳು ಬಕೆಟ್ಟಿಗೆ ಮುಖ ಅದ್ದಿ ಆಟವಾಡುತ್ತಿದ್ದಾಗ ನಾನು ಕಿರುಚಿದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ, ಗಂಡನಿಗೂ ತಿಳಿಯಲಿಲ್ಲ. ನಾನು ಬಕೆಟ್ಟಿನ ನೀರನ್ನೆಲ್ಲ ಚೆಲ್ಲಿಬಿಟ್ಟೆ.

ಒಂದು ದಿನ ಡಬ್ಬಿ ತೆಗೆಯುತ್ತಿರುವಾಗ ಅಕ್ಕ ಹೇಳಿದರು, "ಈಗ ಹೆದ್ರಿಕೆ ಆಗೂದಿಲ್ಲ ತಂಗಿ."

"ಒಳ್ಳೇದಾಯ್ತಲ್ಲ."

"ಒಳಗೆ ಅವ್ರ ನೆನಪೇ ಬರೂದಿಲ್ಲ. ಚೆಂಡಿಯೆ ಬಂತಾ, ಅರ್ಗಾ ಬಂತಾ ಅಂತ ಕಾಯ್ತೆ. ಹೊರಗೆ ಬಂದ್ಮೇಲೆ ಬ್ಯಾಸ್ರ ಆಗ್ತದೆ. ಬಸ್ಸು ಹತ್ತಿ ನಾ ಒಬ್ಬಳೇ ಬಂದ್ಬಿಟ್ಟೆ, ಅವ್ರನ್ನ ಅಲ್ಲೇ ಬಿಟ್ಟೆ ಅಂತ."

ಹೆದರಿಕೆ ಹೋಗಲಾಡಿಸುವುದನ್ನೇ ನಾನು ಲೆಕ್ಕ ಹಾಕಿದ್ದೆ. ಆ ಹೆದರಿಕೆಯಲ್ಲಿ ಅವರ ಗಂಡನೂ ಇದ್ದರೆಂದು ನಾನು ಯೋಚಿಸಿರಲಿಲ್ಲ. ಅವರ ಗೌನಿನ ದಾರ ಕಟ್ಟಿಕೊಟ್ಟೆ.

ಕೊನೆಯ ದಿನ ಅವರು ಹೊಸದಾಗಿ ಕಾಣುವ ಒಂದು ಸೀರೆ ಉಟ್ಟು ಬಂದಿದ್ದರು. ನಾದಿನಿಯೂ ತಲೆಗೆ ಹೂವು ಮುಡಿದಿದ್ದಳು. ಮಲಗಿಸಿ, ಚುಕ್ಕೆ ಕೂಡಿಸಿ, ಹೊರಗೆ ಹೋಗಲು ತಿರುಗಿದಾಗ ಅಕ್ಕ ಕರೆದರು.

"ಕಡೇ ಸಲದ್ದು ಇರ್ತದಲ್ಲ, ಅದಕ್ಕೆ ನೀ ಮಾತಾಡ್ಬೇಡ."

"ಯಾಕಕ್ಕಾ?"

"ಒಂದ್ಸಲ ಅವ್ರ ಸಂಗ್ತಿಗೆ, ಅವ್ರ ಜೊತೆಗೇ ಹಿಡಿತೆ."

ಒಪ್ಪಬಾರದಿತ್ತೋ ಏನೋ. ಆದರೆ ಗೆರೆ ಜಾರಿದರೆ ಬೀಮ್ ನಿಲ್ಲುತ್ತದೆ, ಅಪಾಯವಿರಲಿಲ್ಲ. ಬೇಡವೆನ್ನಲು ನನ್ನ ಹತ್ತಿರ ಬೇರೆ ಕಾರಣವೂ ಇರಲಿಲ್ಲ. ಹೊರಗೆ ಬಂದು ಫಿಸಿಸಿಸ್ಟರಿಗೆ ಹೇಳಿದೆ. ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಮೊದಲಿನವೆಲ್ಲ ಎಂದಿನಂತೆ ಮುಗಿದವು. ಕೊನೆಯದಕ್ಕೆ "ಅಂಕೋಲೆ" ಎಂದಷ್ಟೇ ಹೇಳಿ ಮೈಕ್ ಬಿಟ್ಟೆ. ಗೆರೆ ಏರಿತು, ಪಟ್ಟಿಯ ನಡುವೆ ನಿಂತಿತು. ಬೀಮ್ ಬಿಟ್ಟೆ. ಅಷ್ಟು ಸ್ಥಿರವಾಗಿ ಅದು ನಿಂತದ್ದನ್ನು ಸ್ಕ್ಯಾನಿನ ದಿನದ ನಂತರ ನಾನು ನೋಡಿರಲಿಲ್ಲ. ಬೀಮ್ ಮುಗಿಯಿತು. ಸದ್ದು ನಿಂತಿತು.

ಗೆರೆ ಇಳಿಯಲಿಲ್ಲ.

"ಕಾರವಾರ ಬಂತು ಅಕ್ಕಾ," ಎಂದೆ.

ಗೆರೆ ಅಲ್ಲೇ ಇತ್ತು. ಕ್ಯಾಮೆರಾದಲ್ಲಿ ಅವರು ಅಲುಗದೆ ಮಲಗಿದ್ದರು, ಕೈಗಳು ಮೇಲಕ್ಕೆ. "ಅಕ್ಕಾ, ಬಿಡಿ," ಎಂದೆ. ಬಿಡಿ ಅನ್ನುವುದಿಲ್ಲ ಎಂದು ಮಾತು ಕೊಟ್ಟದ್ದು ಆಗ ನೆನಪಿಗೆ ಬರಲಿಲ್ಲ. ಫಿಸಿಸಿಸ್ಟ್ ಎದ್ದು ನಿಂತರು. ನಾನು ಬಾಗಿಲಿನ ಗುಂಡಿ ಒತ್ತಿದೆ. ಆ ಬಾಗಿಲು ಎಂದಿಗೂ ಅವಸರ ಮಾಡುವುದಿಲ್ಲ. ಮೈ ತೂರುವಷ್ಟು ತೆರೆದ ಕೂಡಲೇ ಒಳಗೆ ನುಗ್ಗಿ, ತಿರುವು ದಾಟಿ ಓಡುತ್ತಿರುವಾಗ ಅವರು ಉಸಿರು ಎಳೆದುಕೊಂಡ ಸದ್ದು ಕೇಳಿತು. ಇಡೀ ಕೋಣೆಯ ಗಾಳಿಯನ್ನೆಲ್ಲ ಎಳೆದುಕೊಂಡಂಥ ಸದ್ದು.

ಕಣ್ಣೀರು ಎರಡೂ ಬದಿಗೆ ಹರಿದು ಕಿವಿಯೊಳಗೆ ಇಳಿಯುತ್ತಿತ್ತು. ಮುಖದಲ್ಲಿ ಸಂಕಟವಿರಲಿಲ್ಲ. ಉಸಿರು ಹದಕ್ಕೆ ಬರುವವರೆಗೂ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು.

"ಮೊದ್ಲು ಎದೆ ಒಡೂ ಹಂಗೆ ಆಗ್ತದೆ," ಎಂದರು. "ಅದು ದಾಟಿದ್ಮೇಲೆ ಇಲ್ಲ. ಆಮೇಲೆ ನೋವಿಲ್ಲ, ಹಗುರ ಆಗ್ತದೆ. ಅಲ್ಲಾ ತಂಗಿ?"

ನಾವೇ ಮನಸ್ಸು ಮಾಡಿ ಗಾಳಿಯಲ್ಲಿ ಹಿಡಿಯುವ ಉಸಿರೇ ಬೇರೆ, ನೀರಿನೊಳಗೆ ಮುಗಿಯುವ ಉಸಿರೇ ಬೇರೆ. ಅಷ್ಟು ನನಗೆ ಗೊತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು ಅಕ್ಕಾ," ಎಂದೆ.

ಹಿಂದೆ ಬಂದು ನಿಂತಿದ್ದ ಫಿಸಿಸಿಸ್ಟ್ ಹೊರಗೆ ನಡೆದರು. ಆ ಬಗ್ಗೆ ಅವರು ಇಂದಿನವರೆಗೂ ನನ್ನನ್ನು ಏನೂ ಕೇಳಿಲ್ಲ.

ಕೆಲವು ತಿಂಗಳ ಮೇಲೆ ಇಬ್ಬರೂ ತಪಾಸಣೆಗೆ ಬಂದರು. ಚರ್ಮ ವಾಸಿಯಾಗಿತ್ತು. ಎಕೋದಲ್ಲಿ ಹೃದಯ ಮೊದಲಿದ್ದಷ್ಟೇ ಇದೆ, ಕುಗ್ಗಿಲ್ಲ ಎಂದು ಡಾಕ್ಟರು ಖುಷಿಯಿಂದ ಹೇಳಿದರು. ಅಕ್ಕ ನನ್ನನ್ನು ನೋಡಿ ನಕ್ಕು, ಮನೆಗೆ ಬಾ ಎಂದು ಕರೆದು, ಔಷಧಿ ತರಲು ಕೆಳಗಿಳಿದು ಹೋದರು. ನಾದಿನಿ ಮಾತ್ರ ಹಿಂದೆ ಉಳಿದಳು.

"ಅತ್ತಿಗೆಗೆ ಈಗ ಚಂದ ನಿದ್ರೆ ಬರ್ತದೆ ಮೇಡಂ."

"ಒಳ್ಳೇದಾಯ್ತು."

ಅವಳು ಹೋಗಲಿಲ್ಲ. ಕೈಯಲ್ಲಿದ್ದ ಚೀಲದ ಬಾಯಿಯನ್ನು ಮಡಚುತ್ತ ಬಿಡಿಸುತ್ತ ನಿಂತಳು. ಹೋದವನು ಅವಳ ಅಣ್ಣ ಎಂಬುದನ್ನು ಅಷ್ಟು ದಿನ ನಾನು ಮರೆತೇಬಿಟ್ಟಿದ್ದೆ.

"ಮನೇಲಿ ನಾವು ಆ ಮಾತು ಎತ್ತೂದಿಲ್ಲ," ಎಂದಳು. "ಮೊನ್ನೆ ಅತ್ತಿಗೆಯೇ ಹೇಳಿದ್ರು. ಕಡೀಗೆ ಅಣ್ಣಂಗೆ ನೋವಾಗಿರೂದಿಲ್ಲ, ಆಸ್ಪತ್ರೆಯವ್ರೇ ಹೇಳಿದ್ದಾರೆ ಅಂತ. ಅದು ಹೌದಾ ಮೇಡಂ? ನಿಮಗೆ ಗೊತ್ತಿರ್ತದಲ್ಲ."

ಹೊರಗಿನ ಬೆಂಚುಗಳು ತುಂಬಿದ್ದವು. ಮುಂದಿನ ರೋಗಿ ಆಗಲೇ ಗೌನು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹೌದು," ಎಂದೆ.

ಅವಳು ತಲೆಯಾಡಿಸಿ, ಇನ್ನೂ ಏನೋ ಕೇಳುವುದಿದೆ ಎಂಬಂತೆ ಒಂದು ಗಳಿಗೆ ನಿಂತು, ಕೇಳದೆ ಮೆಟ್ಟಿಲಿಳಿದು ಹೋದಳು.